ಯಾರದೋ ಡಬ್ಬಿ

ಹೊಳೆ ಊರ ಅಗಸಿಬಾಗಿಲವರೆಗೆ ಬಂದಿದೆ, ಎಲ್ಲರೂ ದಿಬ್ಬದ ಶಾಲೆಗೆ ನಡೆಯಿರಿ ಎಂದು ಪಂಚಾಯಿತಿಯವರು ಮೈಕಿನಲ್ಲಿ ಕೂಗಿಕೊಂಡು ಹೋದರು. ಚಂದವ್ವ ಮೊದಲು ಮಾಡಿದ ಕೆಲಸವೆಂದರೆ ಅಟ್ಟದ ಮೇಲಿನ ಟ್ರಂಕು ಇಳಿಸಿದ್ದು. ಅದು ಒಂದೇ ಕೈಗೆ ಬಂತು. ಎಂಟು ದಿನದ ಬುತ್ತಿ ಹಾಗೆ ಒಂದೇ ಕೈಗೆ ಬರಬಾರದು. ಮುಚ್ಚಳ ತೆಗೆದರೆ ತಳದಲ್ಲಿ ನಾಲ್ಕು ರೊಟ್ಟಿ ಚೂರು, ಗುರೆಳ್ಳು ಹಿಂಡಿಯ ಚಟ್ನಿಪುಡಿ ಅಂಟಿದ ಖಾಲಿ ಬಾಟಲಿ, ಅಷ್ಟೇ.

ಶ್ರಾವಣ ಹಿಡಿಯುವ ಮೊದಲೇ ಅವಳು ಆ ಟ್ರಂಕನ್ನು ಒತ್ತಿ ಒತ್ತಿ ತುಂಬಿದ್ದಳು. ಬಟ್ಟೆಯಲ್ಲಿ ಕಟ್ಟಿದ ನೂರು ಕಟಕ ರೊಟ್ಟಿ, ತಿಂಗಳಿಟ್ಟರೂ ಮೆತ್ತಗಾಗದಂಥವು. ಶೇಂಗಾ ಹೋಳಿಗೆ, ಅಗಸೆಬೀಜದ ಹಿಂಡಿ, ಅಂಟಿನ ಉಂಡಿ. ಫ್ರಿಜ್ಜು ಬೇಡ, ಒಲೆ ಬೇಡ, ಹಲ್ಲು ಗಟ್ಟಿಯಿದ್ದರೆ ಸಾಕು. ಹಿಂದಿನ ಸಲ ಹೊಳೆ ಬಂದಾಗ ಅವಳು ಇದೇ ಶಾಲೆಯಲ್ಲಿ ತಾಟು ಹಿಡಿದು ಅನ್ನದ ಸಾಲಿಗೆ ನಿಂತಿದ್ದಳು. ಬಡಿಸುವವನು ಅವಳ ಮುಖ ನೋಡಲಿಲ್ಲ, ತಾಟು ನೋಡಿ ಸೌಟು ಬಗ್ಗಿಸಿದ. ಸುಗ್ಗಿಯಲ್ಲಿ ಇಪ್ಪತ್ತು ಆಳಿಗೆ ಬಡಿಸಿದ ಕೈ ಅವಳದು. ಅಂದು ರಾತ್ರಿ ಅತ್ತಿದ್ದಳು. ಸತ್ತರೂ ಇನ್ನು ಆ ಸಾಲಿಗೆ ನಿಲ್ಲುವುದಿಲ್ಲ ಎಂದು ಆಣೆಯನ್ನೂ ಮಾಡಿದ್ದಳು.

ಟ್ರಂಕು ಖಾಲಿಯಾದದ್ದು ಇಲಿಯಿಂದಲ್ಲ, ಗಂಡ ಯಮನಪ್ಪನಿಂದಲೂ ಅಲ್ಲ. ಅವಳಿಗೂ ಪಕ್ಕದ ಮನೆಯ ಕಸ್ತೂರಿಗೂ ನಡುವೆ ಓಡಾಡಿದ ಒಂದು ಸ್ಟೀಲಿನ ಡಬ್ಬಿಯಿಂದ. ಮೊದಲ ಸಲ ಅದು ಯಾವ ಮನೆಯಿಂದ ಹೊರಟಿತ್ತೋ ಇಬ್ಬರಿಗೂ ನೆನಪಿಲ್ಲ. ಮೇಲೆ ಹೆಸರು ಕೊರೆಸಿರಲಿಲ್ಲ. ಮಂದಿಯ ಡಬ್ಬಿ ಖಾಲಿ ಕೊಡಬಾರದೆಂಬುದು ಆ ಓಣಿಯ ಎಳೆಕೂಸಿಗೂ ಗೊತ್ತು. ಅದು ಕಸ್ತೂರಿಯದೆಂದು ಚಂದವ್ವ ತುಂಬಿ ಕೊಟ್ಟಳು, ಚಂದವ್ವನದೆಂದು ಕಸ್ತೂರಿ ತುಂಬಿ ಕೊಟ್ಟಳು. ಅಲ್ಲಿಂದ ಬಂದದ್ದು ಜುಣಕ, ಮಡಕಿಕಾಳಿನ ಉಸುಳಿ, ಪುಂಡಿಪಲ್ಯ, ಎಲ್ಲ ಅಂದಂದೇ ತಿಂದು ಮುಗಿಯುವಂಥವು. ಇಲ್ಲಿಂದ ಹೋದದ್ದು ಟ್ರಂಕಿನೊಳಗಿಂದ ಕೈಗೆ ಸಿಕ್ಕದ್ದು. ನಾಳೆ ಮತ್ತೆ ಮಾಡಿಟ್ಟರಾಯಿತು ಎಂದು ದಿನಾ ಅಂದುಕೊಂಡಳು. ನಾಳೆಗಿಂತ ಮೊದಲು ಹೊಳೆ ಬಂತು.

“ಹೊಳಿ ಒಯ್ಯೂಕಿಂತ ಮೊದ್ಲ ಕಸ್ತೂರಿ ಒಯ್ದ್ಲು. ಪುಣ್ಯಾ, ದೂರರ ಹೋಗಿಲ್ಲ ಬಿಡು,” ಎಂದು ನಗುತ್ತಲೇ ಯಮನಪ್ಪ ಹಾಸಿಗೆ ಸುತ್ತಿಕೊಂಡು ಟ್ರ್ಯಾಕ್ಟರ್ ಹತ್ತಿದ. ಶಾಲೆಯಲ್ಲಿ ಮಧ್ಯಾಹ್ನ ಅನ್ನದ ಸಾಲು ಹಚ್ಚಿದಾಗ ಅವನೇ ಮೊದಲಿಗ. ಎರಡು ತಾಟು ಅನ್ನ-ಸಾರು ಹೊಡೆದು, ತೇಗಿ, ಹೆಂಡತಿಗೊಂದು ತಾಟು ತರಲೇ ಎಂದು ಕೇಳಿದ. ಆ ತಾಟು ತನ್ನ ಕಣ್ಣಿಗೂ ಬೀಳಬಾರದು ಎಂದಳು ಚಂದವ್ವ. ಬೆಳಿಗ್ಗೆಯಿಂದ ಒಂದು ಬಟ್ಟಲು ಚಹಾದ ಮೇಲಿದ್ದಳು. ಹೊಟ್ಟೆ ತಾಳ ಹಾಕುತ್ತಿತ್ತು.

ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಕಸ್ತೂರಿ ತನ್ನ ಗಂಟು ಬಿಚ್ಚಿದಳು. ಚಂದವ್ವ ಕಣ್ಣು ಕಿಸಿದು ನೋಡಿದಳು. ಅಂಚು ತೆಳ್ಳಗೆ ತಟ್ಟಿದ ಆ ರೊಟ್ಟಿ ತನ್ನವು. ಹೋಳಿಗೆಯೂ ತನ್ನವೇ. ಕಸ್ತೂರಿ ಬಂದು ಕೈಹಿಡಿದು ಎಳೆದಳು.

“ನಿನ್ನ ಕೈಯಾಗಿನ ರುಚಿ, ಒಮ್ಮಿಗೇ ತಿಂದು ಮುಗಸಾಕ ಮನಸ ಬರ್ಲಿಲ್ಲವ್ವ. ಹೊಳಿ ಬಂದ್ರ ಇರ್ಲಿ ಅಂತ ಎತ್ತಿಟ್ಟಿದ್ದೆ. ಬಾ, ಉಣ್ಣು.”

ಚಂದವ್ವನಿಗೆ ನಗುವೂ ಬಂತು, ಅಳುವೂ ಬಂತು. ತಾನು ಮಾಡಿದ್ದು ಕೆಡದೆ ಉಳಿದದ್ದಕ್ಕೆ ಹೆಮ್ಮೆಯೂ ಆಯಿತು. ಆದರೆ ಕೊಟ್ಟದ್ದನ್ನು ಕೈಚಾಚಿ ತಿರುಗಿ ಇಸಿದುಕೊಳ್ಳುವುದೆಂದರೆ ಆ ಸಾಲಿಗೆ ನಿಲ್ಲುವುದಕ್ಕಿಂತ ಕಡೆ. ಹೊಟ್ಟೆ ತುಂಬಿದೆ ಎಂದಳು. ಹೊಟ್ಟೆ ಅದೇ ಹೊತ್ತಿಗೆ ಗುರ್ ಎಂದು ಅವಳ ಮಾತು ಸುಳ್ಳು ಮಾಡಿತು. ಕಸ್ತೂರಿ ಕೇಳಿಸದವಳಂತೆ ಹೋಗಿ, ಸ್ವಲ್ಪ ಹೊತ್ತಿಗೆ ಆ ಸ್ಟೀಲಿನ ಡಬ್ಬಿ ತುಂಬಿಕೊಂಡು ಬಂದು ಮುಂದಿಟ್ಟಳು.

“ನಾ ಏನೂ ಕೊಡಾಕ ಬಂದಿಲ್ಲ. ನಿನ್ನ ಡಬ್ಬಿ ನಿನ್ನೆ ಸಂಜಿಯಿಂದ ನನ್ನ ಕಡೇನ ಉಳದಿತ್ತು, ತಿರಗಿ ಕೊಡಬೇಕಲ್ಲ. ಖಾಲಿ ಹ್ಯಾಂಗ ಕೊಡ್ಲಿ?”

ಕಾಯ್ದೆ ಕಾಯ್ದೆಯೇ. ಚಂದವ್ವ ಡಬ್ಬಿ ಎಳೆದುಕೊಂಡಳು. ಗೋಡೆಯ ಕಡೆ ಮುಖ ಮಾಡಿ ಕೂತು ಉಂಡಳು. ತನ್ನ ಹೋಳಿಗೆಯನ್ನು ತಾನೇ ತಿಂದು ನೋಡಿ ಎಷ್ಟೋ ದಿನವಾಗಿತ್ತು. ಬೆಲ್ಲ ಇನ್ನೊಂದು ಚೂರು ಬೀಳಬೇಕಿತ್ತು ಅನ್ನಿಸಿತು. ರೊಟ್ಟಿ ಮಾತ್ರ ಎಲ್ಲೂ ಹೆಸರಿಡುವ ಹಾಗಿರಲಿಲ್ಲ. ಉಂಡು, ನಲ್ಲಿಯಲ್ಲಿ ಡಬ್ಬಿ ತೊಳೆದು, ಸೆರಗಿನಿಂದ ಒರೆಸಿ, ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳ ಮಟ್ಟಿಗೆ ಅದು ಕಸ್ತೂರಿಯ ಡಬ್ಬಿ. ಒಳಗೆ ಇಡೋಣವೆಂದರೆ ಟ್ರಂಕಿನಲ್ಲಿ ನಾಲ್ಕು ಚೂರು ಬಿಟ್ಟು ಏನೂ ಇಲ್ಲ. ಸಂಜೆಯವರೆಗೂ ಡಬ್ಬಿಯನ್ನೇ ನೋಡಿದಳು.

ಇಳಿಹೊತ್ತಿಗೆ ಮತ್ತೆ ಅನ್ನದ ಹಂಡೆ ಇಳಿಸಿದರು. ಸಾಲು ಹತ್ತಿತು. ಚಂದವ್ವ ಎದ್ದು, ತಲೆಯ ಮೇಲೆ ಸೆರಗು ಹೊದ್ದು, ಯಾರ ಕಡೆಗೂ ನೋಡದೆ ನಡೆದು ಸಾಲಿನ ಕೊನೆಗೆ ನಿಂತಳು. ಮುಂದೆ ನಿಂತಿದ್ದ ಯಮನಪ್ಪ ತಿರುಗಿ ಅವಳನ್ನು ಎರಡೆರಡು ಸಲ ನೋಡಿದ. ಅವಳ ಪಾಳಿ ಬಂದಾಗ ಬಡಿಸುವವನು ತಲೆ ಎತ್ತದೆ ಸೌಟು ಬಗ್ಗಿಸಿದ, ತಾಟಿನ ಜಾಗದಲ್ಲಿ ಡಬ್ಬಿ ಕಂಡು ಮೊದಲ ಸಲ ಅವಳ ಮುಖ ನೋಡಿದ. ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದ.

“ನಮಗಲ್ರಿ,” ಎಂದಳು ಚಂದವ್ವ, “ಮಂದಿ ಡಬ್ಬಿ ಐತಿ, ಖಾಲಿ ಕೊಡಾಕ ಬರೂದಿಲ್ಲ. ಸ್ವಲ್ಪ ಒತ್ತಿ ತುಂಬ್ರಿ.”