ಬಿಲ್ ಹೇಳುವ ಬಾಯಿ

ಆ ಮನುಷ್ಯ ಇವತ್ತೂ ಬಂದು ಕೂತಿದ್ದ.

ಬೈಕುಲ್ಲಾದ ಆ ನರ್ಸಿಂಗ್ ಹೋಮಿನಲ್ಲಿ ಬಿಲ್ ಕಿಟಕಿಯ ಎದುರಿಗೊಂದು ಬೆಂಚು. ಅದರ ತುದಿಯಲ್ಲಿ ಕರಿಯ ಕೋಟು, ಬಿಳಿಯ ರುಮಾಲು, ನಿಂಬೆಹಣ್ಣು ನಿಲ್ಲಿಸಬಹುದಾದಂಥ ಮೀಸೆ. ಒಳಗೆ ಅವನ ಕಡೆಯ ರೋಗಿಯಿಲ್ಲ. ಅವನಿಗೊಂದು ಕೆಮ್ಮೂ ಇಲ್ಲ. ಬೆಳಿಗ್ಗೆ ಬರುವುದು, ಕಿಟಕಿಯೊಳಗಿನ ವಾರಿಜಾಳನ್ನೇ ನೋಡುವುದು, ಮಧ್ಯಾಹ್ನ ಎದ್ದುಹೋಗುವುದು. ಅದು ಹುಡುಗಿಯನ್ನು ನೋಡುವ ನೋಟವಲ್ಲ. ಒಬ್ಬ ಅಕ್ಕಸಾಲಿಗನ ಕೈಯನ್ನು ಇನ್ನೊಬ್ಬ ಅಕ್ಕಸಾಲಿಗ ನೋಡುವಂಥದ್ದು.

"ನಮ್ಮ ಆಸ್ಪತ್ರಿ ಟ್ರಸ್ಟಿನವರು ಕಳಿಸಿದ ಮನಷ್ಯಾ," ಹೆಡ್ ಕ್ಲಾರ್ಕ್ ನೀಲಕಂಠಪ್ಪ ಪಿಸುಗುಟ್ಟಿದ. "ಬಿಲ್ಲಿನ ತಪಾಸಣಿಗೆ ಯಾರನ್ನರೆ ಗುಟ್ಟಾಗಿ ಕಳಸ್ತೀವಿ ಅಂದಿದ್ರಲ್ಲ? ಇವನ ಅಂವ. ಮೀಸಿ ನೋಡಿದ್ರ ಗೊತ್ತಾಗ್ತೈತಿ."

ವಾರಿಜಾ ಅಂಜಿದಳು. ಅಂಜಿಕೆಗೆ ಕಾರಣವೂ ಇತ್ತು. ಗಿರಣಿ ಕೂಲಿಯ ಹೆಂಡತಿ ರಾಚವ್ವ ಈಚೆಗೆ ಗಂಡನ ಹೊಟ್ಟೆಯ ಆಪರೇಶನ್ ಮಾಡಿಸಿಕೊಂಡು ಹೋಗಿದ್ದಳು. ಜನರಲ್ ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲದೆ ಅವನನ್ನು ಸ್ಪೆಷಲ್ ರೂಮಿನಲ್ಲಿ ಮಲಗಿಸಿದ್ದರು. ಮಲಗಿದ ಕೋಣೆಗೆ ತಕ್ಕ ಬಾಡಿಗೆ ಎಂಬುದು ನಿಯಮ. ವಾರಿಜಾ ವಾರ್ಡಿನ ಬಾಡಿಗೆಯನ್ನಷ್ಟೇ ಹಾಕಿ ಕಳಿಸಿದ್ದಳು. ಯಾರನ್ನೂ ಕೇಳಿರಲಿಲ್ಲ.

ಈ ಕೆಲಸ ಹೋದರೆ ಮನೆಗೆ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದೋಸೆ ಹುಯ್ಯುವ ಅಪ್ಪನ ಸಂಬಳವೊಂದೇ ಗತಿ. ಅದೂ ಅಲ್ಲದೆ, ಅವಳಿಗೆ ಈ ಕೆಲಸ ಪ್ರೀತಿಯದಾಗಿತ್ತು.

ಹೊರಗಿನವರಿಗೆ ಬಿಲ್ ಎಂದರೆ ಬರೀ ಕೂಡಿಸುವ ಲೆಕ್ಕ. ಆದರೆ ಕೂಡಿಸುವುದಕ್ಕೆ ಮೊದಲು ಡಾಕ್ಟರ ಅಕ್ಷರ ಓದಬೇಕು. ಕೋಳಿ ಕೆದರಿದಂಥ ಆ ಗೀಚಿನಲ್ಲಿ ಚುಚ್ಚುಮದ್ದು ಯಾವುದು, ಸಹಿ ಯಾವುದು ಎಂದು ಬಿಡಿಸಬೇಕು. ಬರೆದ ಮದ್ದನ್ನು ನಿಜಕ್ಕೂ ಕೊಟ್ಟರೋ ಎಂದು ನರ್ಸಮ್ಮನನ್ನು ವಿಚಾರಿಸಬೇಕು. ಯಾರ ಖರ್ಚು ಗಿರಣಿಯ ಪಾಲಿಗೆ, ಯಾರದು ಅವರವರ ಗಂಟಿಗೆ ಎಂದು ತಿಳಿದಿರಬೇಕು. ಇಷ್ಟೆಲ್ಲ ಆದ ಮೇಲೂ ಎಲ್ಲಕ್ಕಿಂತ ಕಷ್ಟದ್ದು ಉಳಿದೇ ಇರುತ್ತದೆ: ಅದನ್ನು ಬಾಯಿಬಿಟ್ಟು ಹೇಳುವುದು.

ನೀಲಕಂಠಪ್ಪ ಹೇಳಿದರೆ ಜಗಳ. ವಾರಿಜಾ ಹೇಳಿದರೆ ಒಂದು ನಿಟ್ಟುಸಿರು, ಅಷ್ಟೇ.

ಆ ಹೊತ್ತಿಗೆ ದಾನವ್ವ ಬಂದಳು. ಮಾರ್ಕೆಟ್ಟಿನಲ್ಲಿ ಈರುಳ್ಳಿ ಮಾರುವ ಗಟ್ಟಿಗಿತ್ತಿ. ಬಂದವಳೇ ಸೊಂಟಕ್ಕೆ ಕೈಯಿಟ್ಟಳು.

"ನನ್ನ ಗಂಡನ ಕಾಲು ಕಟ್ಟಿದ್ದಕ್ಕ ಎಷ್ಟು ಸುಲೀತೀರಿ? ಹೇಳ್ರಿ, ಕೇಳೋಣು!"

ಬೆಂಚಿನ ಮನುಷ್ಯ ಆ ದನಿಗೆ ಬೆಚ್ಚಿ ರುಮಾಲು ಸರಿಮಾಡಿಕೊಂಡ.

"ಕೂತ್ಕೊಳ್ಳಿ ಅಮ್ಮ, ನೀರು ಕುಡೀರಿ," ವಾರಿಜಾ ಲೋಟ ಮುಂದೆ ಚಾಚಿದಳು. "ನಿಮ್ಮವ್ರು ಇವತ್ತು ಗೋಡೆ ಹಿಡೀದೆ ನಡೆದ್ರಂತೆ ಅಲ್ವಾ?"

"ಹೂಂ... ನಡದ್ರು." ದಾನವ್ವನ ಕೈ ಸೊಂಟದಿಂದ ಇಳಿಯಿತು.

"ಮೂಳೆ ಸಮಾ ಕೂತಿದೆ. ಇನ್ನು ಕೋಲೂ ಬೇಡ."

ದಾನವ್ವ ನೀರು ಕುಡಿಯುತ್ತಿರುವಾಗ ವಾರಿಜಾ ಬಿಲ್ಲಿನ ಮೊತ್ತ ಹೇಳಿದಳು. ಮೆಲ್ಲಗೆ, ಆದರೆ ಒಂದೇ ಸಲಕ್ಕೆ. ದಾನವ್ವ ಕಣ್ಣರಳಿಸಿದಳು, ನುಂಗಿದಳು, "ಸ್ವಲ್ಪ ಹೆಚ್ಚಾತು" ಎಂದಳು. ಬೈಯಲಿಲ್ಲ.

ಬೆಂಚಿನ ಮನುಷ್ಯನ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

"ಬಾಯಿಪಾಠ ಮಾಡಾಕತ್ತಾನ," ಎಂದ ನೀಲಕಂಠಪ್ಪ. "ವರದಿ ಒಪ್ಪಸಾಕ."

ಕಿಟಕಿ ಖಾಲಿಯಾದದ್ದೇ ಆ ಮನುಷ್ಯ ಎದ್ದು ಬಂದ.

"ಅಲ್ಲವಾ, ಆ ಹೆಣಮಗಳು ಯಾಕ ಒದರಲಿಲ್ಲ?"

ವಾರಿಜಾ ಪೆನ್ನು ಕೆಳಗಿಟ್ಟಳು. "ಮೊದಲು ಒಳ್ಳೇದನ್ನ ಹೇಳ್ಬೇಕು. ಅವ್ರ ಬಾಯಲ್ಲಿ ಒಂದು ಹೂಂ ಬರ್ಬೇಕು. ಕೆಟ್ಟದ್ದನ್ನ ಆಮೇಲೆ, ಒಂದೇ ಉಸಿರಿಗೆ. ತುಂಡು ತುಂಡು ಮಾಡಿ ಹೇಳಿದ್ರೆ ಒಂದೊಂದು ತುಂಡಿಗೂ ಪೆಟ್ಟು."

"ನೀರು ಯಾಕ?"

"ಬಾಯಲ್ಲಿ ನೀರಿದ್ರೆ ಬೈಲಿಕ್ಕೆ ಆಗುದಿಲ್ಲ."

ಮೀಸೆ ಒಮ್ಮೆ ನಡುಗಿತು. ನಗುವೋ ಸಿಟ್ಟೋ ಅವಳಿಗೆ ತಿಳಿಯಲಿಲ್ಲ. ದಿನದಿನವೂ ಹೀಗೆ ಬೇಯುವುದಕ್ಕಿಂತ ಇವತ್ತೇ ಮುಗಿದುಹೋಗಲಿ ಎನ್ನಿಸಿತು. ಲೋಟ ತುಂಬಿ ಅವನ ಕೈಗೆ ಕೊಟ್ಟಳು.

"ಇಲ್ಲಿ ಒಂದು ಬಿಲ್ಲೂ ಸುಳ್ಳಲ್ಲ. ನಿಮಗೂ ಕಂಡಿರ್ಬೇಕು, ಅಲ್ವಾ?"

"ಹೂಂ," ಎಂದು ಅವನು ಲೋಟ ಎತ್ತಿದ.

"ರಾಚವ್ವನ ಗಂಡನಿಗೆ ರೂಮಿನ ಬಾಡಿಗೆ ಬಿಟ್ಟದ್ದು ನಾನೇ ಯಾರನ್ನೂ ಕೇಳ್ಲಿಲ್ಲ ಕೆಲಸದಿಂದ ತೆಗೆಯೂದಾದ್ರೆ ತೆಗೀರಿ!"

ಹಿಂದಿನಿಂದ ನೀಲಕಂಠಪ್ಪನ ಕುರ್ಚಿ ಕಿರ್ರೆಂದಿತು. ಆ ಮನುಷ್ಯ ಕೆನ್ನೆಯುಬ್ಬಿಸಿಕೊಂಡು ನಿಂತವನು ಕಷ್ಟಪಟ್ಟು ನೀರು ನುಂಗಿದ. ಮರುಗಳಿಗೆ ಅವನ ಮುಖ ಅರಳಿತು.

"ಖರೇನ ನೋಡವಾ! ನನಗೂ ಒದರಾಕ ಆಗಲಿಲ್ಲ!" ಆಮೇಲೆ ಹುಬ್ಬು ಗಂಟಿಕ್ಕಿದ. "ಅಲ್ಲ, ಇದನ್ನ ನನಗ್ಯಾಕ ಹೇಳತಿ? ನಾ ಬಸವಂತಪ್ಪ. ಘಾಟ್ಕೋಪರದಾಗ ಬಟ್ಟಿ ಅಂಗಡಿ ಐತಿ."

ವಾರಿಜಾ ತಿರುಗಿದಳು. ನೀಲಕಂಠಪ್ಪ ಎದ್ದು ನಿಂತಿದ್ದ. ಅವಳನ್ನು ನೋಡಿದ, ಮೀಸೆಯನ್ನು ನೋಡಿದ, ಕೊನೆಗೆ ಛಾವಣಿಯನ್ನು ನೋಡಿದ.

"ವಾರ್ಡಿನ್ಯಾಗ ಹಾಸಿಗಿ ಇರಲಿಲ್ಲ ಅಂದ್ರ ಅದು ನಮ್ಮ ತಪ್ಪು, ರೋಗೀದಲ್ಲ," ಎಂದು ಗೊಣಗಿದ. "ಡಾಕ್ಟರಿಗೆ ನಾ ಹೇಳತೀನಿ. ಇನ್ನ ಮ್ಯಾಲೆ ಕೇಳಿ ಮಾಡವಾ."

ವಾರಿಜಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಹಾಗಾದ್ರೆ ನೀವು ಇಲ್ಲಿ ಎಂತಕ್ಕೆ ಬಂದು ಕೂರುದು ಮಾರಾಯ್ರೆ?"

ಬಸವಂತಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕಿಟಕಿಯೊಳಗೆ ತಲೆ ತೂರಿಸಿ ದನಿ ತಗ್ಗಿಸಿದ.

"ನಮ್ಮವ್ವ ಊರಿಂದ ನಮ್ಮ ಮನ್ಯಾಗ ಖಾಯಂ ಇರಾಕ ಬಂದು, ಇಲ್ಲೇ ಕಾಕಾನ ಮನ್ಯಾಗ ಗಂಟು ಬಿಚ್ಚದ ಕುಂತಾಳವಾ; ನನ್ನ ಹೇಂತಿಗೆ ಅದನ್ನ ನಾನ ಹೇಳಬೇಕಲ್ಲ!"