ನಾಲ್ಕನೆಯ ದನಿ

ಸ್ಕಿಜೋಫ್ರೇನಿಯಾದ ಸಂಕೇತವನ್ನು ಕಡತದಲ್ಲಿ ಬರೆದ ಕೂಡಲೇ ರೋಗಿಯ ಕಿವಿಯೊಳಗಿನ ದನಿ ನಿಂತುಹೋಗುತ್ತಿದ್ದ ಕಾಲ ಅದು. ಒಂದೊಂದು ದನಿಗೂ ಆ ಸಂಕೇತದ ಒಂದೊಂದು ಸಾಲು. ಗದಗಿನ ಆಸ್ಪತ್ರೆಯೊಂದರಲ್ಲಿ ಈ ಸಾಲುಗಳನ್ನು ಬರೆಯುವ ಕೆಲಸ ಮೆಹರುನ್ನೀಸಾಳದು.

ಆ ಮಧ್ಯಾಹ್ನ ಗಡಿಯಾರ ರಿಪೇರಿಯ ಫಕೀರಪ್ಪ ಅವಳ ಮೇಜಿನೆದುರು ಕೂತಿದ್ದ. ವೈದ್ಯರು ಕಳಿಸಿದ ಚೀಟಿಯಲ್ಲಿ ನಾಲ್ಕು ದನಿಗಳಿದ್ದವು. ಹನ್ನೊಂದು ವರ್ಷದಿಂದ ಅವನನ್ನು ಬೈಯುತ್ತಿದ್ದ ಮೂರು ಗಂಡುದನಿಗಳನ್ನು ಅವಳು ಒಂದೊಂದಾಗಿ ಬರೆದಳು. ಬರೆದಂತೆಲ್ಲ ಅವನ ಭುಜಗಳು ಸಡಿಲಾದವು. ನಾಲ್ಕನೆಯ ಸಾಲಿಗೆ ಪೆನ್ನು ಇಳಿಸಿದಾಗ ಅವನು ಕಾಗದದ ಮೇಲೆ ಅಂಗೈ ಇಟ್ಟ.

"ಇದೊಂದು ಬಿಟ್ಟುಬಿಡ್ರೀ. ನಮ್ಮಕ್ಕಂದು. ತೀರಿಹೋಗ್ಯಾಳ."

ದನಿಯೊಂದನ್ನು ಬರೆಯದೆ ಬಿಟ್ಟರೆ, ಮುಂದಾಗುವುದಕ್ಕೆಲ್ಲ ಬರೆಯುವವರೇ ಹೊಣೆ. ಮೆಹರುನ್ನೀಸಾ ಮೆಲ್ಲಗೆ ಕೇಳಿದಳು, "ಆಕಿ ನಿಮಗ ಸಾಯಿ ಅಂತಾಳೇನ್ರಿ?"

"ಇಲ್ರೀ. ಅವರು ಮೂವರೂ ಸಾಯಿ ಅಂದಾಗೆಲ್ಲಾ, ಬ್ಯಾಡ ಅಂದಾಕಿ ಆಕಿ ಒಬ್ಬಾಕಿನ."

ಹೊರಗೆ ಬಿಸಿಲು ಹತ್ತಿಯಂತೆ ತೇಲುತ್ತಿತ್ತು. ಮೆಹರುನ್ನೀಸಾ ವೈದ್ಯರಿಗೆ ಫೋನು ಮಾಡಿ ಎಲ್ಲ ಹೇಳಿದಳು. "ಇರಲಿ, ತಿಂಗಳಿಗೊಮ್ಮೆ ಬಂದು ತೋರಿಸಲಿ" ಎಂದರು ಅವರು. ಅವಳು ನಾಲ್ಕನೆಯ ಸಾಲನ್ನು ಖಾಲಿ ಬಿಟ್ಟು ಸಹಿ ಹಾಕಿದಳು.

ಫಕೀರಪ್ಪ ಏಳಲಿಲ್ಲ. ತಲೆ ಓರೆಮಾಡಿ, ಕಣ್ಣು ಮುಚ್ಚಿ ಆಲಿಸುತ್ತಿದ್ದ.

"ಅದಾಳೇನ್ರಿ?" ಎಂದು ಅವಳು ಕೇಳಿದಳು.

"ಅದಾಳ್ರೀ." ಅವನ ಕೆನ್ನೆ ಒದ್ದೆಯಾಗಿತ್ತು. "ಆ ಗದ್ದಲದಾಗ ಇಷ್ಟು ವರ್ಷ ಬರೇ ಒದರತಿದ್ಲು. ಈಗ ಹಾಡಾಕತ್ತಾಳ."