ಫ್ಯಾನು ಹಾಕಿದ ಮೇಲೆ

"ಹೂಂ" ಎಂದು ನಗುನಗುತ್ತಲೇ ಒಪ್ಪಿದ ಅಂಚಿನಕ್ಕ, ಮರುಕ್ಷಣ ಸ್ಟೂಲಿನಿಂದ ಜಾರಿ ನೆಲಕ್ಕೆ ಬಿದ್ದಳು. ಗಾಳಿ ತುಂಬುವ ಪ್ಲಾಸ್ಟಿಕ್ ದೋಣಿಗಳ ಅಂಚಿಗೆ ಅಂಟು ಹಚ್ಚುವುದು ಅವಳ ಕೆಲಸ. ಹೆಸರು ಬಂದದ್ದು ಅದರಿಂದಲೇ. ಮದುವೆಯಾಗೋಣವೇ ಎಂದು ಕೇಳಿದವನು ಎದುರು ಕೂತು ಅಂಟು ಕಲಸುವ ಚಟಾಕಿ. ಅವನು ಬಾಯಿ ತೆರೆದರೆ ಸಾಕು, ಮಧ್ಯಾಹ್ನದ ಹೊತ್ತಿಗಂತೂ ಇಡೀ ಮೇಜು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಎಲ್ಲರೂ ಅವಳನ್ನು ಅಕ್ಕ ಎಂದರೆ ಅವನೊಬ್ಬ ಮಾತ್ರ "ಏನ್ರೀ" ಎನ್ನುತ್ತಿದ್ದ. ಉಳಿದವರಿಗೆ ವಿಷಯ ತಿಳಿಯಲು ಅಷ್ಟು ಸಾಕಾಗಿತ್ತು.

ಹೊರಗೆ ಎತ್ತಿ ತಂದು ನೆರಳಿನಲ್ಲಿ ಮಲಗಿಸಿದಾಗ ಅವಳು ಕಣ್ಣು ಬಿಟ್ಟಳು. ಸುದ್ದಿ ತಿಳಿದು ಬಂದ ಕಾರ್ಖಾನೆಯ ಡಾಕ್ಟರಮ್ಮ ಅವಳನ್ನು ಪರೀಕ್ಷಿಸಿ, ಕೆಲಸದ ಕೋಣೆಯ ಬಾಗಿಲಿಗೆ ಬಂದವರು ಅಲ್ಲೇ ಮೂಗು ಮುಚ್ಚಿಕೊಂಡು ನಿಂತರು.

"ಈ ಘಾಟಲ್ಲಿ ಹೇಗ್ ಕೂತ್ಕೋತೀರಿ?"

"ಯಾವ ಘಾಟು?" ಎಂದ ಚಟಾಕಿ. ಅವನು ತಮಾಷೆ ಮಾಡುತ್ತಿರಲಿಲ್ಲ.

ಹಸಿ ಅಂಟಿನ ಮೇಲೆ ಧೂಳು ಕೂತರೆ ದೋಣಿ ಸೋರುತ್ತದೆಂದು ಮೇಸ್ತ್ರಿ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿಸಿದ್ದ. ಅಂಟು ತೆಳುವಾಗಿಸಲು ಸುರಿಯುವ ಬಣ್ಣವಿಲ್ಲದ ದ್ರವವನ್ನು ಅವರು ಗಾಳಿನೀರು ಎನ್ನುತ್ತಿದ್ದರು. ಅಂಗೈಗೆ ಹಾಕಿಕೊಂಡರೆ ತಣ್ಣಗೆ ಮುಟ್ಟಿ ಮಾಯವಾಗುತ್ತಿತ್ತು. ಡಬ್ಬಿಯ ಮೇಲೆ ಮೀಥೈಲ್ ಈಥೈಲ್ ಕೀಟೋನ್ ಎಂದಿತ್ತು. ಅಷ್ಟುದ್ದ ಓದುವ ಪುರುಸೊತ್ತು ಯಾರಿಗಿತ್ತು? ಸಂಜೆ ಕೈ ತೊಳೆಯುವುದೂ ಅದರಲ್ಲೇ. ಡಾಕ್ಟರಮ್ಮ ಅಂಚಿನಕ್ಕನ ಬಿರುಕು ಬಿಟ್ಟ ಬೆರಳುಗಳನ್ನು ಎಲ್ಲರಿಗೂ ತೋರಿಸಿದರು. ಅಂಟನ್ನೇ ಕರಗಿಸುವುದು ಚರ್ಮದ ಜಿಡ್ಡನ್ನು ಬಿಟ್ಟೀತೇ ಎಂದರು. ಅದರ ಆವಿ ಗಾಳಿಗಿಂತ ಭಾರ, ಮೇಲೆ ಹೋಗದೆ ನೆಲ ಹಿಡಿದು ಕೂರುತ್ತದೆ, ಒಂದು ಕಿಡಿ ಬಿದ್ದರೆ ಕೋಣೆಯೇ ಹೊತ್ತಿಕೊಳ್ಳುತ್ತದೆ, ಅದನ್ನು ಹೊರಗೆಳೆಯುವ ಫ್ಯಾನು ಹಾಕಿಸಲೇಬೇಕು ಎಂದರು. ಉಸಿರಿನಲ್ಲಿ ಒಳಗೆ ಹೋದರೆ ಮೊದಲು ತಲೆ ಹಗುರಾಗಿ ಕಾರಣವಿಲ್ಲದೆ ನಗು ಬರಬಹುದು, ಆಮೇಲೆ ತಲೆನೋವು, ಆಮೇಲೆ ಹೀಗೆ ಬೀಳುವುದು.

"ಕಾರಣ ಇಲ್ದೇನಾ?" ಎಂದು ಚಟಾಕಿ ಮೆಲ್ಲಗೆ ಕೇಳಿದ.

ಸಂಜೆ ಅವನು ಗೇಟಿನ ಬಳಿ ಅವಳಿಗಾಗಿ ಕಾದಿದ್ದ. "ಏನ್ರೀ, ಆ ಹೂಂ ನಾನು ಇಟ್ಕೊಳ್ಳಲ್ಲ. ಫ್ಯಾನ್ ಹಾಕ್ಲಿ. ಆಮೇಲೆ ಇನ್ನೊಂದ್ ಸಲ ಕೇಳ್ತೀನಿ."

ಅಂಚಿನಕ್ಕನನ್ನು ಕೊರೆಯುತ್ತಿದ್ದುದು ಆ ಹೂಂ ಒಂದೇ ಅಲ್ಲ. ಗಂಡ ತೀರಿಹೋದ ಮೇಲೆ ಅವಳು ಮೊದಲ ಸಲ ನಕ್ಕದ್ದು ಆ ಕೋಣೆಯಲ್ಲಿ. ಕೆಲಸಕ್ಕೆ ಸೇರಿದ ಹೊಸತು. ಹೆಂಡತಿಯನ್ನು ಕರೆದುಕೊಂಡು ದೋಣಿ ಕೊಳ್ಳಲು ಹೋದವನ ಕತೆ ಹೇಳಿದ್ದ ಚಟಾಕಿ. ಒಬ್ಬರಿಗೆ ಬೇಕೋ ಇಬ್ಬರಿಗೋ ಎಂದು ಅಂಗಡಿಯವನು ಕೇಳಿದನಂತೆ. ಹೋಗುವಾಗ ಇಬ್ಬರಿಗೆ, ಬರುವಾಗ ಒಬ್ಬರಿಗೆ ಎಂದನಂತೆ ಇವನು. ಹೇಳಿ ಮುಗಿಸಿದ ಮೇಲೆ ಅವನಿಗೆ ಎದುರು ಕೂತವಳು ಯಾರೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಆಗ ಅವಳು ನಕ್ಕಿದ್ದಳು. ತನ್ನೊಳಗೆ ಇನ್ನೂ ನಗು ಉಳಿದಿದೆ ಎಂದು ಅವತ್ತು ಮನೆಯವರೆಗೂ ಬೆರಗಿನಲ್ಲೇ ನಡೆದಿದ್ದಳು. ಆ ನಗುವೂ ಡಬ್ಬಿಯದ್ದೇ?

ಅಡುಗೆಮನೆಯ ಕಿಟಕಿ ತೆರೆದಿಟ್ಟು ಅದೇ ಕತೆಯನ್ನು ಅತ್ತೆಗೆ ಹೇಳಿ ನೋಡಿದಳು. ಅವಳಿಗೇ ನಗು ಬರಲಿಲ್ಲ. ಅತ್ತೆಯೂ ನಗಲಿಲ್ಲ, ಸೊಸೆಯ ಮುಖವನ್ನೇ ನೋಡುತ್ತ, "ಹೇಳಿದ್ದು ಯಾರು?" ಎಂದಷ್ಟೇ ಕೇಳಿದರು.

ಫ್ಯಾನು ಬಂತು. ಕಿಡಿ ಹಾರದ ಮೋಟಾರು. ಡಾಕ್ಟರಮ್ಮ ನಿಂತು ನೆಲಮಟ್ಟಕ್ಕೇ ಕೂರಿಸಿದರು. ಗಾಳಿ ಎಳೆಯುತ್ತಿದೆಯೇ ತಿಳಿಯಲೆಂದು ಗೋಡೆಯಾಚೆ ಕಿಟಕಿಯೆತ್ತರಕ್ಕೆ ಏರಿದ ಅದರ ಕೊಳವೆಯ ಬಾಯಿಗೆ ದೋಣಿಯ ಕೆಂಪು ಚೂರೊಂದನ್ನು ಪಟ್ಟಿಯಾಗಿ ಕಟ್ಟಿದರು. ಕಿಟಕಿಯಾಚೆ ಅದು ಹಾರುವುದು ಕೂತಲ್ಲಿಂದಲೇ ಕಾಣುತ್ತಿತ್ತು. ಕಿಟಕಿಗಳು ತೆರೆದು ಧೂಳಿಗೆ ಸಣ್ಣ ಜಾಲರಿ ಬಂತು, ಕೈಗೆ ಗ್ಲೌಸು, ಡಬ್ಬಿಗೆ ಮುಚ್ಚಳ. ಅವತ್ತು ಮುಚ್ಚಳ ತೆಗೆದ ಚಟಾಕಿ, "ಥೂ, ಇಷ್ಟು ನಾರ್ತಿತ್ತಾ ಇದು?" ಎಂದ. ಆಮೇಲೆ ಒಂದು ಜೋಕು ಹೇಳಿದ. ಯಾರೂ ನಗಲಿಲ್ಲ. ಇನ್ನೊಂದು ಹೇಳಿದ.

"ಇಷ್ಟ್ ದಿನಾನೂ ಇದನ್ನೇ ಹೇಳ್ತಿದ್ಯೇನಪ್ಪಾ ನೀನು?" ಎಂದು ಮೇಜಿನ ತುದಿಯ ಹಿರಿಯ ನಿಜವಾಗಿಯೂ ಮರುಗಿ ಕೇಳಿದ.

ಮಧ್ಯಾಹ್ನದ ಹೊತ್ತಿಗೆ ಚಟಾಕಿ ಬಾಯಿಗೆ ಬೀಗ ಹಾಕಿಕೊಂಡು ಅಂಟು ಕಲಸುತ್ತಿದ್ದ. ಕೇಳುತ್ತೇನೆ ಎಂದಿದ್ದನ್ನು ಕೇಳಲೂ ಇಲ್ಲ.

"ಆ ದೋಣಿದು ಹೇಳಿ" ಎಂದಳು ಅಂಚಿನಕ್ಕ.

"ಬೇಡ ಬಿಡಿ."

"ಹೇಳೀಂದ್ರೆ."

ಅವನು ಪಾಠ ಒಪ್ಪಿಸುವವನಂತೆ ತಲೆ ತಗ್ಗಿಸಿ ಹೇಳಿದ. ಹೋಗುವಾಗ ಇಬ್ಬರಿಗೆ, ಬರುವಾಗ ಒಬ್ಬರಿಗೆ. ಮೇಜು ತೆಪ್ಪಗಿತ್ತು. ಹೇಳಿ ಮುಗಿಸಿದವನು ಅವಳತ್ತ ಕಣ್ಣೆತ್ತಿ, ಅಂದಿನಂತೆಯೇ ನಾಲಿಗೆ ಕಚ್ಚಿಕೊಂಡ. ಆ ಮುಖ ನೋಡಿದ್ದೇ ತಡ, ಅಂಚಿನಕ್ಕನಿಗೆ ಹೊಟ್ಟೆಯಾಳದಿಂದ ನಗು ಉಕ್ಕಿತು. ಬ್ರಷ್ಷಿನ ಅಂಟು ದೋಣಿಗೆ ತೊಟ್ಟಿಕ್ಕದಂತೆ ಕೈ ಮೇಲೆತ್ತಿ ಹಿಡಿದುಕೊಂಡೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಬರೋವಾಗ್ಲೂ ಇಬ್ಬರಿಗೇ ಬೇಕು ಅಂತ ಹೇಳ್ರೀ ಅಂಗಡಿಯವನಿಗೆ."

ಚಟಾಕಿ ಬಾಯಿ ತೆರೆದ. ಜನ್ಮದಲ್ಲಿ ಮೊದಲ ಸಲ ಮಾತು ಹೊರಡಲಿಲ್ಲ. ಅದನ್ನು ಕಂಡು ಇಡೀ ಮೇಜು ಬಿದ್ದು ಬಿದ್ದು ನಕ್ಕಿತು. ಆ ಗದ್ದಲ ಕೇಳಿ, ಫ್ಯಾನು ಕೆಟ್ಟಿತೆಂದು ಮೇಸ್ತ್ರಿ ಎದ್ದೆನೋ ಬಿದ್ದೆನೋ ಎಂದು ಓಡಿಬಂದ.

ಕಿಟಕಿಯಾಚೆ ಕೆಂಪು ಪಟ್ಟಿ ನೆಟ್ಟಗೆ ಹಾರುತ್ತಿತ್ತು.